ನಡಾವಳಿ, ಪುಟ ಹದಿನೇಳು

ಬರೆಯುವುದು ನನ್ನ ಕೆಲಸ, ಮಾತಾಡುವುದಲ್ಲ.
ದಿನಾಂಕ ಬರೆದೆ. ಸ್ಥಳ: ಸಮುದಾಯ ಭವನ, ಕುಟ್ಟದ ದಾರಿ.
ವಿಷಯ: ನಮ್ಮ ಆಸ್ಪತ್ರೆಯ ರಾತ್ರಿಪಾಳಿ ನಿಲ್ಲಿಸಿ
ಹೆರಿಗೆ ಕೋಣೆಯನ್ನು ವಿರಾಜಪೇಟೆಯಲ್ಲಿ ವಿಲೀನಗೊಳಿಸುವ ಕುರಿತು
ಸಾರ್ವಜನಿಕರ ಅಭಿಪ್ರಾಯ.
ಹಾಜರಿ ನಲವತ್ತೊಂದು.
ಕುರ್ಚಿ ನೂರಿಪ್ಪತ್ತು. ಇದನ್ನು ಬರೆಯಲಿಲ್ಲ.

ಜನವರಿ, ಬುಧವಾರ, ಬೆಳಗ್ಗೆ ಹನ್ನೊಂದು.
ರೋಬಸ್ಟಾ ಕೊಯ್ಲಿನ ದಿನ.
ಲೈನ್‌ಮನೆಯವರನ್ನು ತುಂಬಿಕೊಂಡ ಜೀಪುಗಳು
ಏಳಕ್ಕೇ ಭವನದ ಮುಂದೆ ಹಾದುಹೋಗಿದ್ದವು.
ಆ ಕೋಣೆಯಲ್ಲಿ ಹೆತ್ತವರು ಹೆಚ್ಚಿನವರೂ
ಈಗ ಸೊಂಟಕ್ಕೆ ಚೀಲ ಕಟ್ಟಿ
ಗೊಂಚಲು ಉದುರಿಸುತ್ತಿದ್ದಾರೆ,
ಕಿಲೋಗೆ ಇಷ್ಟೆಂದು.

ಅಧಿಕಾರಿ ಒಳ್ಳೆಯವರು. ಅದನ್ನೂ ಹೇಳಬೇಕು.
ಗಂಟಲು ಕಟ್ಟಿದ್ದರೂ ತಾವೇ ಓದಿದರು:
ವರ್ಷಕ್ಕೆ ರಾತ್ರಿ ಹೆರಿಗೆ ಹತ್ತೊಂಬತ್ತು,
ಇಲ್ಲಿ ಅರಿವಳಿಕೆಯವರಿಲ್ಲ, ರಕ್ತವಿಲ್ಲ,
ಅಲ್ಲಿ ಎಲ್ಲವೂ ಇದೆ.
ಸುಳ್ಳಲ್ಲ. ನನ್ನ ಅತ್ತಿಗೆ ಉಳಿದದ್ದು ಅಲ್ಲಿಯೇ.
ಪರದೆಯ ಮೇಲೆ ನಕ್ಷೆ, ನಕ್ಷೆಯಲ್ಲೊಂದು ನೀಲಿ ಗೆರೆ,
ಗೆರೆಯ ತುದಿಗೆ: ಐವತ್ತು ನಿಮಿಷ.

ಜೇನು ಸೊಸೈಟಿಯ ಹಳೆಯ ಲೆಕ್ಕಿಗ ಬೆಳ್ಯಪ್ಪ ಎದ್ದರು.
‘ಸಂಜೆ ನಾಲ್ಕರ ಮೇಲೆ ಕಚ್ಚಬಾರದು ಅಂತ
ಹಾವುಗಳಿಗೆ ಸುತ್ತೋಲೆ ಹೋಗಿದೆಯಾ ಸಾರ್?’
ಸಭೆ ನಕ್ಕಿತು. ನಾನು ಬರೆದೆ:
ವಿಷನಿರೋಧಕದ ಲಭ್ಯತೆ ಬಗ್ಗೆ ಸಾರ್ವಜನಿಕರೊಬ್ಬರು ಸ್ಪಷ್ಟೀಕರಣ ಕೋರಿದರು.

ಮೀನಂಗಡಿಯ ಸುಹರಾ ಏಳಲಿಲ್ಲ, ಕೂತಲ್ಲಿಂದಲೇ ಕೇಳಿದಳು.
‘ನಮಗೆ ಐವತ್ತು ನಿಮಿಷ, ಸರಿ.
ರಸ್ತೆ ಮಧ್ಯ ನಿಂತ ಆನೆಗೆ ಎಷ್ಟು ನಿಮಿಷ?
ಮರಿ ಜೊತೆಗಿದ್ದರೆ?’
ಈ ಸಲ ಯಾರೂ ನಗಲಿಲ್ಲ.
ವನ್ಯಜೀವಿ ಸಂಚಾರದ ಕುರಿತು ಚರ್ಚಿಸಲಾಯಿತು.

ಚರ್ಚಿಸಲಾಯಿತು.
ಹದಿನಾಲ್ಕು ವರ್ಷದಿಂದ ಬರೆಯುತ್ತಿದ್ದೇನೆ ಈ ಪದ.
ಎಷ್ಟು ಮೆತ್ತಗಿದೆ!
ಯಾರು ಎಂದು ಕೇಳುವುದಿಲ್ಲ,
ಯಾರ ದನಿಯೂ ಅದರೊಳಗೆ ಒಡೆಯುವುದಿಲ್ಲ.

ಬಾಗಿಲ ಬಳಿ, ಕಂಬಕ್ಕೊರಗಿ, ಮೊಯ್ದೂಟಿ.
ಆಂಬುಲೆನ್ಸಿನ ಚಾಲಕ. ಗುತ್ತಿಗೆ ನೌಕರ.
ಬಾಯಿ ಬಿಡಬಾರದೆಂದು ಮೊದಲೇ ಹೇಳಿದ್ದರು,
ಅದನ್ನು ಯಾರೂ ಎಲ್ಲಿಯೂ ಬರೆದಿರಲಿಲ್ಲ.
ಆ ದಾರಿಯ ಪ್ರತಿ ಗುಂಡಿಯೂ ಅವನಿಗೆ ಗೊತ್ತು;
ಯಾವ ತಿರುವಿನಲ್ಲಿ ದೀಪ ಆರಿಸಿ ಕಾಯಬೇಕು,
ಹಿಂದೆ ಹೆಂಗಸು ಕಿರುಚುತ್ತಿರುವಾಗ
ಎಂಜಿನ್ನನ್ನು ಹೇಗೆ ಸುಮ್ಮನಿರಿಸಬೇಕು.
ಐವತ್ತು ನಿಮಿಷ ಎಂದಾಗ
ಅವನು ನೆಲ ನೋಡಿದ.
ಒಡೆದ ಹಾಲಿನ ಮುಚ್ಚಳ ತೆಗೆದವರಂತೆ
ಒಂದೇ ಒಂದು ಸಲ
ತಲೆ ಅಲ್ಲಾಡಿಸಿದ.

ನನ್ನ ಪುಸ್ತಕದಲ್ಲಿ ಮೂರು ಅಂಕಣ:
ಪರ, ವಿರೋಧ, ತಟಸ್ಥ.
ಅಂಚಿನಲ್ಲಿ, ಪೆನ್ಸಿಲಿನಲ್ಲಿ ಗೀಚಿದೆ:
ಚಾಲಕರು ತಲೆ ಅಲ್ಲಾಡಿಸಿದರು.

ಸಂಜೆ ಸಹಿ ಹಾಕುವಾಗ ಕಣ್ಣಿಗೆ ಬಿತ್ತು.
‘ಇದೇನಮ್ಮ?’
‘ನಡೆದದ್ದು ಸಾರ್.’
‘ಪರವೋ, ವಿರೋಧವೋ?’
ನನಗೆ ಗೊತ್ತಾಗಲಿಲ್ಲ. ಅವರಿಗೂ.
ಅಳಿಸು ಎನ್ನಲಿಲ್ಲ ಅವರು.
ಶಾಯಿಯಲ್ಲಿ ಬರೆ ಎನ್ನಲೂ ಇಲ್ಲ.
ಕೆಮ್ಮಿದರು, ಹೆಸರಿನ ಕೆಳಗೆ ಗೆರೆ ಎಳೆದರು,
ಸೀಲು ಒತ್ತಲು ಪುಸ್ತಕ ನನಗೆ ಕೊಟ್ಟರು.

ಬೀಗ ಹಾಕಿ ಹೊರಬಂದರೆ
ಜೀಪುಗಳು ವಾಪಸು ಬರುತ್ತಿದ್ದವು.
ಕಂಬಿ ಹಿಡಿದು ನಿಂತ ಎರವರ ಚೋಮಿ
(ಎರಡನೆಯದು ಹುಟ್ಟಿದ್ದು ಇಲ್ಲಿಯೇ, ರಾತ್ರಿ ಎರಡಕ್ಕೆ)
ನನ್ನನ್ನು ಕಂಡು ಕೂಗಿದಳು:
‘ಅಕ್ಕಾ, ಆಸ್ಪತ್ರೆ ಮೀಟಿಂಗು ಯಾವತ್ತು?’

ಜೀಪು ನಿಲ್ಲಲಿಲ್ಲ.
ಮುಗಿಯಿತು ಎನ್ನಲು ನಾನು ಕೈ ಎತ್ತಿದೆ.
ಟಾಟಾ ಎಂದುಕೊಂಡು
ಅವಳೂ ಎತ್ತಿದಳು.